ಪಹಣಿ ಸಿಕ್ಕವರ ಮಲೆನಾಡು, ಸಿಗದವರ ಮಲೆನಾಡು

ಪಹಣಿಯ ಒಂಬತ್ತನೇ ಕಾಲಂನಲ್ಲಿ ಜಮೀನಿನ ಮಾಲೀಕನ ಹೆಸರಿರುತ್ತದೆ, ಹನ್ನೆರಡನೇ ಕಾಲಂನಲ್ಲಿ ಅದನ್ನು ಸಾಗುವಳಿ ಮಾಡುವವನ ಹೆಸರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಳೆದ ಎಪ್ಪತ್ತೈದು ವರ್ಷಗಳ ಸಾಮಾಜಿಕ ಚರಿತ್ರೆ ಬಹುಮಟ್ಟಿಗೆ ಈ ಎರಡು ಕಾಲಂಗಳ ನಡುವೆಯೇ ನಡೆದಿದೆ. ಕಾಡಂಚಿನ ಊರುಗಳು ಹೇಗೆ ಬದಲಾದವು ಎಂದು ಕೇಳಿದರೆ ರಸ್ತೆ, ಕರೆಂಟು, ಶಾಲೆ, ಬಸ್ಸು, ಮೊಬೈಲು, ಅಡಿಕೆಯ ದರ ಎಂಬ ಉತ್ತರ ಸಿಗುತ್ತದೆ. ಇವೆಲ್ಲ ನಿಜವೇ. ಆದರೆ ಒಂದೇ ರಸ್ತೆಯಲ್ಲಿ ಓಡಾಡುವ, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ಎರಡು ಕೇರಿಗಳಲ್ಲಿ ಒಂದು ತಾರಸಿ ಮನೆ ಕಟ್ಟಿ ಮಕ್ಕಳಿಗೆ ಎಂಜಿನಿಯರಿಂಗ್ ಓದಿಸಿದೆ. ಇನ್ನೊಂದು ಇವತ್ತಿಗೂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದೆ. ಇದೇಕೆ ಎಂಬ ಪ್ರಶ್ನೆಗೆ ಆ ಉತ್ತರ ಸಾಲುವುದಿಲ್ಲ. ನನ್ನ ವಾದ ಇಷ್ಟು: ಇಲ್ಲಿ ಬದಲಾವಣೆಯ ದಿಕ್ಕನ್ನೂ ವೇಗವನ್ನೂ ನಿರ್ಧರಿಸಿದ್ದು ಭೂಮಿಯ ಮೇಲಿನ ಹಕ್ಕು ದಾಖಲೆಗೆ ಬಂತೋ ಇಲ್ಲವೋ ಎಂಬುದು. ಹಕ್ಕು ಸಿಕ್ಕವರು ಒಂದೇ ತಲೆಮಾರಿನಲ್ಲಿ ಹೊಸ ಬದುಕು ಕಟ್ಟಿಕೊಂಡರು. ಸಿಗದವರು ಮೂರನೇ ತಲೆಮಾರಿಗೂ ಒತ್ತುವರಿದಾರರೆಂಬ ಹೆಸರು ಹೊತ್ತು ಬದುಕುತ್ತಿದ್ದಾರೆ. ಈ ಹಕ್ಕನ್ನು ಇತ್ಯರ್ಥ ಮಾಡದೆ ಎಳೆದಾಡಿದ್ದರಿಂದ ಜನರಿಗೆ ಆದಷ್ಟೇ ನಷ್ಟ ಕಾಡಿಗೂ ಆಗಿದೆ.

ಹಳೆಯ ವ್ಯವಸ್ಥೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಕಣಿವೆಯ ತಂಪಿನಲ್ಲಿ ಅಡಿಕೆ ತೋಟ, ತೆರೆದ ಬಯಲಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆ ಕಾನು ಎಂಬ ದಟ್ಟ ಹಸಿರು ಕಾಡು. ತೋಟದ ಗೊಬ್ಬರಕ್ಕೆ ಬೆಟ್ಟದ ಸೊಪ್ಪು ಮತ್ತು ತರಗು, ನೀರಿಗೆ ಕಾನಿನ ಅಬ್ಬಿ, ದುಡಿಮೆಗೆ ಗೇಣಿದಾರರು ಮತ್ತು ಆಳುಗಳು. ಸೊಪ್ಪಿನ ಬೆಟ್ಟದ ಸವಲತ್ತು ತೋಟದ ಖಾತೆಗೆ ಅಂಟಿಕೊಂಡದ್ದು. ನೆರೆಯ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಸಿಗುತ್ತಿತ್ತು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಕಾನುಗಳಲ್ಲಿ ಮೆಣಸಿನ ಬಳ್ಳಿ ಬೆಳೆಸಿ ಕಾಪಾಡುತ್ತಿದ್ದ ಊರವರ ಪದ್ಧತಿಯ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಪಕ್ಕದ ಸೊರಬವನ್ನು ನೋಡಿ ವರದಿ ಬರೆದಿದ್ದರು. ಹಾಗಾಗಿ ಕಾಡು ಯಾರಿಗೂ ಸೇರದ ಬೀಳು ಎಂಬ ಮಾತು ಈ ಸೀಮೆಗೆ ಎಂದೂ ಅನ್ವಯಿಸಿಲ್ಲ. ಪ್ರತಿ ತುಂಡಿಗೂ ಬಳಸುವವರಿದ್ದರು, ಬಳಕೆಗೆ ಕಟ್ಟಳೆಯಿತ್ತು. ಆ ಕಟ್ಟಳೆ ಸಮಾನವಾಗಿರಲಿಲ್ಲ, ಅಷ್ಟೆ. ಸಾಗರ, ಹೊಸನಗರದ ಕಡೆ ಹವ್ಯಕರು, ತೀರ್ಥಹಳ್ಳಿಯ ಕಡೆ ಒಕ್ಕಲಿಗ ಗೌಡರು ಮತ್ತು ಹೆಗ್ಗಡೆಗಳು ತೋಟ, ಗದ್ದೆಗಳ ಒಡೆಯರಾಗಿದ್ದರೆ, ಗೇಣಿಗೆ ಗದ್ದೆ ಮಾಡುವವರಲ್ಲಿ ದೀವರು ಹೆಚ್ಚು. ಅವರಿಗೂ ಕೆಳಗೆ, ಮದುವೆಗೋ ಕಾಯಿಲೆಗೋ ಮಾಡಿದ ಸಾಲಕ್ಕೆ ಜೀತ ತೆತ್ತು ಬದುಕಿದ ಹಸಲರು ಮತ್ತು ದಲಿತರು. ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜಗತ್ತು ಇದೇ ತೀರ್ಥಹಳ್ಳಿ ಸೀಮೆಯ ಈ ಏಣಿಶ್ರೇಣಿಯದು. ಹಳೆಯ ಮಲೆನಾಡಿನ ಹಸಿರನ್ನು ಹೊಗಳುವವರು ಆ ಹಸಿರನ್ನು ಯಾರ ಬೆನ್ನು ಹೊತ್ತಿತ್ತು ಎಂಬುದನ್ನೂ ಹೇಳಬೇಕು.

ಈ ಏಣಿಯನ್ನು ಮೊದಲು ಅಲುಗಾಡಿಸಿದ್ದು 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ತಕರಾರು ಅದು. ಕೊಳಗ ದೊಡ್ಡದಾದಷ್ಟೂ ರೈತನ ಮನೆಯ ಕಣಜ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪ ಸಂಘಟಿಸಿದ ರೈತರು ಸರಿಯಾದ ಅಳತೆ ಕೇಳಿದರು, ಬಿಟ್ಟಿ ಚಾಕರಿ ಬೇಡವೆಂದರು; ಒಕ್ಕಲೆಬ್ಬಿಸಿದಾಗ ಗದ್ದೆಗಿಳಿದು ಉಳುಮೆ ಮಾಡಿ ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಇದೇ ನೆಲದಿಂದ ಶಾಸನಸಭೆಗೆ ಆಯ್ಕೆಯಾದರು. ತೀರ್ಥಹಳ್ಳಿಯವರೇ ಆದ ಕಡಿದಾಳು ಮಂಜಪ್ಪ ಕಂದಾಯ ಸಚಿವರಾಗಿ ಐವತ್ತರ ದಶಕದಲ್ಲಿ ಗೇಣಿದಾರರ ರಕ್ಷಣೆಯ ಕಾನೂನಿಗೆ ದುಡಿದರು. ಆ ಕಾನೂನುಗಳಲ್ಲಿ ತೂತುಗಳಿದ್ದವು, ಒಡೆಯರಿಗೆ ಅವು ಗೊತ್ತಿದ್ದವು. ನಿಜವಾದ ತಿರುವು ಬಂದದ್ದು ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ರಾಜ್ಯದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟ ಉಳುಮೆದಾರನಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಡುತ್ತ ಹೋಯಿತು. ಗೋಪಾಲಗೌಡರು ಅದನ್ನು ನೋಡಲು ಉಳಿದಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಅದರ ಫಲವನ್ನು ಲೆಕ್ಕದಲ್ಲಿ ಹೇಳುವುದಕ್ಕಿಂತ ಒಂದು ಹಬ್ಬದಲ್ಲಿ ಹೇಳುವುದು ಸುಲಭ. ಭೂಮಿ ಹುಣ್ಣಿಮೆಗೆ ದೀವರ ಮನೆಗಳ ಹೆಂಗಸರು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಎಡೆ ಹೊತ್ತು, ತೆನೆ ತುಂಬುತ್ತಿರುವ ಗದ್ದೆಯನ್ನು ಬಸುರಿಯೆಂದು ಬಗೆದು ಪೂಜಿಸುತ್ತಾರೆ. 1974ಕ್ಕೆ ಮೊದಲು ಅವರಲ್ಲಿ ಬಹುತೇಕರು ಪೂಜಿಸುತ್ತಿದ್ದ ಗದ್ದೆ ದಾಖಲೆಯ ಪ್ರಕಾರ ಇನ್ನೊಬ್ಬರದು. ಆಮೇಲೆ ಅದು ಅವರದೇ ಆಯಿತು. ಹೆಸರು ಒಂಬತ್ತನೇ ಕಾಲಂಗೆ ಬಂದದ್ದೇ ಸೊಸೈಟಿಯ ಸಾಲ ಸಿಕ್ಕಿತು, ಗದ್ದೆಯ ಮಗ್ಗುಲಲ್ಲಿ ನಾಲ್ಕು ಅಡಿಕೆ ಸಸಿ ನೆಡುವ ಧೈರ್ಯ ಬಂತು. ಅಡಿಕೆ ಫಲ ಕೊಡಲು ಆರೇಳು ವರ್ಷ ಬೇಕು. ಮುಂದಿನ ವರ್ಷ ಜಮೀನು ಉಳಿಯುತ್ತದೋ ಇಲ್ಲವೋ ಎಂಬ ಭಯವಿರುವವನು ಅದನ್ನು ನೆಡುವುದಿಲ್ಲ. ಮಕ್ಕಳು ಹೈಸ್ಕೂಲು ದಾಟಿದರು. ಇದೇ ಸಮುದಾಯದಿಂದ ಬಂದ ಸೊರಬದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು, ಕಾಗೋಡು ತಿಮ್ಮಪ್ಪ ವಿಧಾನಸಭಾಧ್ಯಕ್ಷರಾಗಿ ಕಂದಾಯ ಸಚಿವರಾಗಿ ಕೆಲಸ ಮಾಡಿದರು. ಕೊಳಗದ ಜಗಳಕ್ಕೆ ಹೆಸರಾದ ಊರಿನವರು ಭೂ ದಾಖಲೆಯ ಇಲಾಖೆಗೇ ಸಚಿವರಾದರು. ಆದರೆ 1974ರ ಕಾಯ್ದೆಗೆ ಒಂದು ಗಡಿಯಿತ್ತು. ಅದು ಗೇಣಿದಾರನನ್ನು ಗುರುತಿಸಿತು, ಆಳನ್ನು ಗುರುತಿಸಲಿಲ್ಲ. ಹನ್ನೆರಡನೇ ಕಾಲಂನಲ್ಲೂ ಹೆಸರಿಲ್ಲದ ಹಸಲರಿಗೆ, ದಲಿತ ಕೂಲಿಗಳಿಗೆ ಡಿಕ್ಲರೇಷನ್ ಕೊಡಲು ಏನೂ ಇರಲಿಲ್ಲ. ಅವರ ಪಾಲಿಗೆ ಉಳಿದದ್ದು ಕಾಡಂಚಿನ ಸರ್ಕಾರಿ ಜಾಗದ ಒಂದು ಗುಡಿಸಲು, ಮಂಜೂರಾತಿಯಿಲ್ಲದೆ ಉಳುವ ಒಂದಿಷ್ಟು ಬಗರ್‌ಹುಕುಂ ನೆಲ.

ಒಂದು ಕಡೆ ಕಾನೂನು ಹಕ್ಕು ಕೊಡುತ್ತಿದ್ದ ಕಾಲಕ್ಕೆ ಇನ್ನೊಂದು ಕಡೆ ನೀರು ಹಕ್ಕು ಕಿತ್ತುಕೊಂಡಾಗಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರಕ್ಕಾಗಿ ಹಿರೇಭಾಸ್ಕರ ಅಣೆಕಟ್ಟೆ ಬಂತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡು ಹಳೆಯ ಅಣೆಕಟ್ಟೆಯನ್ನೂ ಸೇರಿಸಿ ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಮುಳುಗಿಸಿತು. 1819 ಅಡಿಯ ಗರಿಷ್ಠ ಮಟ್ಟದಲ್ಲಿ 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಈ ಜಲಾಶಯದಿಂದ ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ವಿದ್ಯುತ್ ಹೊರಟಿತು. ನಾಡಿನ ಕಾರ್ಖಾನೆಗಳು ತಿರುಗಿದ್ದು ಆ ಕರೆಂಟಿನಿಂದ. ಹೊಸನಗರ ತಾಲ್ಲೂಕಿಗೆ ಮುಂದೆ ಮಾಣಿ, ಚಕ್ರಾ, ಸಾವೇಹಕ್ಲು ಅಣೆಕಟ್ಟೆಗಳೂ ಬಂದವು. ಮುಳುಗಿದ್ದು ಕಣಿವೆಯ ತಳ, ಅಂದರೆ ಊರಿನ ಅತ್ಯುತ್ತಮ ಗದ್ದೆ ಮತ್ತು ತೋಟ. ಉಳಿದದ್ದು ಗುಡ್ಡದ ನೆತ್ತಿ. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ಒಯ್ದು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ತಾಲ್ಲೂಕುಗಳ ಕಾಡಿನಲ್ಲಿ ಇಳಿಸಲಾಯಿತು. ಕಡಿದು ಸಾಗುವಳಿ ಮಾಡಿಕೊಳ್ಳಿ ಎಂದದ್ದು ಸರ್ಕಾರವೇ. ಆದರೆ ಆ ಜಾಗವನ್ನು ಅರಣ್ಯದ ಲೆಕ್ಕದಿಂದ ಕಂದಾಯದ ಲೆಕ್ಕಕ್ಕೆ ವರ್ಗಾಯಿಸುವ ಕಾಗದದ ಕೆಲಸವನ್ನು ಪೂರ್ತಿ ಮಾಡಲಿಲ್ಲ. ಸಾಗರದ ನಾ. ಡಿಸೋಜ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳಲ್ಲಿ ಈ ನೋವನ್ನು ದಾಖಲಿಸಿದ್ದಾರೆ, ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದ್ದಾರೆ. ಸಾಹಿತ್ಯಕ್ಕೆ ಸಿಕ್ಕ ಜಾಗ ಪಹಣಿಯಲ್ಲಿ ಆ ಜನರಿಗೆ ಸಿಗಲಿಲ್ಲ.

1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯ ಭೂಮಿಯನ್ನು ಬೇರೆ ಬಳಕೆಗೆ ಕೊಡುವಂತಿಲ್ಲ. ಕಾಯ್ದೆ ಸರಿಯಾದದ್ದೇ, ದೇಶದ ಕಾಡು ಅದರಿಂದ ಉಳಿದಿದೆ. ಆದರೆ ಅದಕ್ಕೂ ಹದಿನಾರು ವರ್ಷ ಮೊದಲು ಸರ್ಕಾರವೇ ತಂದು ಕೂರಿಸಿದ ಜನರ ಕಡತ ಆ ಹೊತ್ತಿಗೆ ಮುಗಿದಿರಬೇಕಿತ್ತು. ಮುಗಿಯದೆ ಉಳಿದಿದ್ದರಿಂದ ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರು ಕಾನೂನಿನ ಕಣ್ಣಿನಲ್ಲಿ ಅರಣ್ಯ ಒತ್ತುವರಿದಾರರಾದರು. ರಾಜ್ಯ ಸರ್ಕಾರ ಬಹಳ ತಡವಾಗಿ ಅಧಿಸೂಚನೆಗಳನ್ನು ಹೊರಡಿಸಿ ಇಂಥ ಜಮೀನುಗಳನ್ನು ಅರಣ್ಯದಿಂದ ಕೈಬಿಟ್ಟಿತು, ಹಕ್ಕುಪತ್ರವನ್ನೂ ಹಂಚಿತು. ಕೇಂದ್ರದ ಒಪ್ಪಿಗೆ ಪಡೆದಿಲ್ಲ ಎಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ಅವನ್ನು ಊರ್ಜಿತಗೊಳಿಸಲಿಲ್ಲ. ನ್ಯಾಯಾಲಯ ಕಾನೂನು ಹೇಳಿತು; ತಪ್ಪು ಇದ್ದದ್ದು ಒಪ್ಪಿಗೆ ಕೇಳದೆ ಸಹಿ ಹಾಕಿದ ಆಡಳಿತದಲ್ಲಿ. ಅದರ ದಂಡ ತೆತ್ತದ್ದು ಮಾತ್ರ ಹಕ್ಕುಪತ್ರವನ್ನು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದ ಕುಟುಂಬಗಳು.

ಹೀಗೆ ಇಂದು ಇಲ್ಲಿ ಎರಡು ಮಲೆನಾಡುಗಳಿವೆ. ಪಹಣಿ ಇರುವ ಕಡೆ ಹೋದರೆ ಕಾಣುವ ಬದಲಾವಣೆ ಎಲ್ಲರಿಗೂ ಗೊತ್ತಿರುವುದೇ. ಗದ್ದೆಗಳು ತೋಟವಾಗಿವೆ. ಕೊಯ್ಲಿನ ಕಾಲದಲ್ಲಿ ನೆರೆಮನೆಯ ಹೆಂಗಸರು ಸಾಲಾಗಿ ಕುಳಿತು, ಮೆಟ್ಟುಗತ್ತಿಯ ಹಲಗೆಯನ್ನು ಕಾಲಡಿ ಒತ್ತಿಹಿಡಿದು ರಾತ್ರಿ ಹನ್ನೊಂದರವರೆಗೂ ಹಸಿ ಅಡಿಕೆ ಸುಲಿಯುತ್ತಿದ್ದ ಅಂಗಳಗಳಲ್ಲಿ ಈಗ ಸುಲಿಯುವ ಯಂತ್ರದ ಸದ್ದಿದೆ. ಚೊಗರಿನ ಕಲೆಯಿಂದ ಕಪ್ಪಾದ ಬೆರಳುಗಳು ಕಡಿಮೆಯಾಗಿವೆ. ಅದರ ಜೊತೆಗೆ ಆ ಹೆಂಗಸರ ಎರಡು ತಿಂಗಳ ಖಾತ್ರಿ ಕೂಲಿಯೂ ಹೋಗಿದೆ. ಮರ ಹತ್ತುವವರು ಸಿಗದೆ ದೋಟಿ ಬಂದಿದೆ, ತೋಟ ನೋಡಿಕೊಳ್ಳಲಾಗದ ವಯಸ್ಸಾದ ದಂಪತಿ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಬೆಂಗಳೂರಿನ ಮಗನ ಫೋನಿಗೆ ಕಾಯುತ್ತಾರೆ. ಕೃಷಿಕನ ಮನೆಗೆ ಹೆಣ್ಣು ಸಿಗದ ಮಾತು ಪ್ರತಿ ಜಾತಿಯ ಸಂಘದ ಸಭೆಯಲ್ಲೂ ಕೇಳುತ್ತದೆ. ಇವು ಹಕ್ಕು ಸಿಕ್ಕ ಸಮಾಜದ ಕಷ್ಟಗಳು, ಹಗುರವಲ್ಲ. ಆದರೂ ಆ ಕುಟುಂಬದ ಮುಂದೆ ಆಯ್ಕೆಗಳಿವೆ. 1939ರಲ್ಲಿ ಶುರುವಾದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದಲ್ಲಿ ಅಡಿಕೆ ಇಟ್ಟು ದರ ನೋಡಿ ಮಾರಬಹುದು. ಕೊಳೆರೋಗಕ್ಕೆ ಬೆಳೆ ವಿಮೆ ಕೇಳಬಹುದು, ಎಲೆಚುಕ್ಕಿ ರೋಗಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನ ಕೇಳಬಹುದು. ಪಹಣಿ ಇಲ್ಲದ ಪಕ್ಕದ ಮನೆಯ ತೋಟಕ್ಕೂ ಅದೇ ಮಳೆ ಬೀಳುತ್ತದೆ, ಅದೇ ಶಿಲೀಂಧ್ರ ಹತ್ತುತ್ತದೆ. ವಿಮೆ ಇಲ್ಲ, ಬೆಳೆಸಾಲ ಇಲ್ಲ, ಪರಿಹಾರ ಇಲ್ಲ. ಅವರಿಗೆ ಸಾಲ ಕೊಡುವುದು ವ್ಯಾಪಾರಿ, ಫಸಲಿಗೆ ದರ ಕಟ್ಟುವುದೂ ಅವನೇ. ಎಪ್ಪತ್ತೈದು ವರ್ಷದ ಹಿಂದೆ ಗೇಣಿದಾರ ನಿಂತಿದ್ದ ಜಾಗದಲ್ಲಿ ಈಗ ಇವರು ನಿಂತಿದ್ದಾರೆ.

ಕಾಯಿಲೆಯೂ ಹಕ್ಕು ಇದ್ದವರನ್ನು ಇಲ್ಲದವರಿಂದ ಬೇರ್ಪಡಿಸುವ ಈ ಗೆರೆಯನ್ನು ಅನುಸರಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಡಿನ ಉಣ್ಣೆಗಳಿಂದ ಹರಡುವಂಥದ್ದು. ತರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಬೇಸಿಗೆಯಲ್ಲಿ ಕಾಡಿಗೆ ಹೋಗಲೇಬೇಕಾದವರನ್ನೇ ಅದು ಹೆಚ್ಚು ಹಿಡಿಯುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನು ಬಲಿ ಪಡೆಯಿತು. ಗ್ಯಾಸ್ ಸಿಲಿಂಡರ್ ತರಿಸಿಕೊಳ್ಳಲು, ಹೊರಗಿನಿಂದ ಗೊಬ್ಬರ ಕೊಳ್ಳಲು ಶಕ್ತಿಯಿರುವ ಮನೆಯವರು ಆ ತಿಂಗಳುಗಳಲ್ಲಿ ಕಾಡಿನಿಂದ ದೂರ ಉಳಿಯಬಲ್ಲರು. ಕಾಡು ಕಡಿದು ತುಂಡು ತುಂಡಾದ ಅಂಚಿನಲ್ಲಿ ಬದುಕುವವರಿಗೆ ಆ ಅನುಕೂಲವಿಲ್ಲ.

ಇನ್ನು ಕಾಡಿನ ಲೆಕ್ಕ. ಹಕ್ಕು ಕೊಟ್ಟರೆ ಕಾಡು ಉಳಿಯುವುದಿಲ್ಲ ಎಂಬುದು ಬಲವಾದ ಆಕ್ಷೇಪ, ಅದನ್ನು ಹೇಳುವವರಲ್ಲಿ ಪ್ರಾಮಾಣಿಕ ಪರಿಸರಪ್ರೇಮಿಗಳಿದ್ದಾರೆ. ಬಗರ್‌ಹುಕುಂ ಹೆಸರಿನಲ್ಲಿ ಹತ್ತಾರು ಎಕರೆ ತೋಟವಿದ್ದವರೇ ಬೇಲಿ ಸರಿಸಿ ಕಾನು ನುಂಗಿದ್ದಾರೆ, ಸೊಪ್ಪಿನ ಬೆಟ್ಟದ ಸವಲತ್ತು ಪಡೆದವರಲ್ಲಿ ಹಲವರು ಅದನ್ನು ಬೋಳು ಮಾಡಿದ್ದಾರೆ, ಕೆಲವರು ಅದನ್ನೇ ತೋಟ ಮಾಡಿದ್ದಾರೆ ಎಂದು ಅವರು ತೋರಿಸುತ್ತಾರೆ. ಇದು ಸುಳ್ಳಲ್ಲ. ಆದರೆ ಯಾಕೆ ಹೀಗಾಯಿತು ಎಂದು ನೋಡಬೇಕು. ನಮ್ಮ ಸಕ್ರಮ ಯೋಜನೆಗಳ ಸಾಲನ್ನು ಗಮನಿಸಿ: 1991ರಲ್ಲಿ ನಮೂನೆ 50, 1999ರ ಹೊತ್ತಿಗೆ ನಮೂನೆ 53, 2018ರಲ್ಲಿ ನಮೂನೆ 57. ಪ್ರತಿ ಸಲವೂ ಕೇಳಿದ್ದು ಸಾಗುವಳಿಯ ಗುರುತನ್ನು. ಮರ ಉಳಿಸಿಕೊಂಡವನ ಬಳಿ ತೋರಿಸಲು ಏನೂ ಇಲ್ಲ. ಕಡಿದು, ಅಗಳ ತೋಡಿ, ಸಸಿ ನೆಟ್ಟವನ ಬಳಿ ಸ್ವಾಧೀನದ ಪುರಾವೆ ಇದೆ. ಇನ್ನೊಂದು ನಮೂನೆ ಬಂದೇ ಬರುತ್ತದೆಂಬ ಭರವಸೆ ಚುನಾವಣೆಯಿಂದ ಚುನಾವಣೆಗೆ ಹೊಸ ಒತ್ತುವರಿಯನ್ನು ಸಾಕಿದೆ. ಆಳು, ಜೆಸಿಬಿ, ಪ್ರಭಾವ ಮೂರೂ ಇರುವವರು ಇದರಲ್ಲಿ ಮುಂದೆ. ಅರ್ಧ ಎಕರೆಯವನು ಹಿಂದೆ. ಅಂದರೆ ಕಾಡನ್ನು ತಿಂದದ್ದು ಕೊಟ್ಟ ಹಕ್ಕಿಗಿಂತ ಹೆಚ್ಚಾಗಿ ಇತ್ಯರ್ಥವಾಗದೆ ತೆರೆದಿಟ್ಟ ಬಾಗಿಲು. ಕಾಡಿನ ಹುಳಿ ಹಣ್ಣಾದ ಉಪ್ಪಾಗೆಯ ವಿಷಯದಲ್ಲೂ ಆದದ್ದು ಇದೇ. ವಿದೇಶದ ಬೇಡಿಕೆಯಿಂದ ತೊಂಬತ್ತರ ದಶಕದಲ್ಲಿ ದರ ಏರಿದಾಗ, ಹಣ್ಣಾಗುವವರೆಗೆ ಕಾದರೆ ಇನ್ನೊಬ್ಬ ಕೊಯ್ಯುತ್ತಾನೆಂದು ಕಾಯನ್ನೇ ಕೊಯ್ದರು, ಕೊಂಬೆ ಕಡಿದರು, ಒಣಗಿಸಲು ರಾಶಿ ರಾಶಿ ಸೌದೆ ಉರಿಸಿದರು. ಕಿರು ಅರಣ್ಯ ಉತ್ಪನ್ನವನ್ನು ಹರಾಜು ಹಿಡಿದ ಗುತ್ತಿಗೆದಾರನಿಗೆ ಮುಂದಿನ ವರ್ಷದ ಮರ ಬೇಕಿರಲಿಲ್ಲ, ಕೊಯ್ಯುವವನಿಗೆ ಅದರ ಮೇಲೆ ಹಕ್ಕಿರಲಿಲ್ಲ.

ಕಾಡು ಕೈಬಿಟ್ಟವರಲ್ಲಿ ಸರ್ಕಾರ ಹಿಂದೆ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಕ್ಕೆ ಅರಣ್ಯ ಭೂಮಿಯನ್ನು ಗುತ್ತಿಗೆ ಕೊಟ್ಟು ಶಿವಮೊಗ್ಗ ಜಿಲ್ಲೆಯ ಗುಡ್ಡಗಳ ಮೇಲೆ ಅಕೇಶಿಯಾ, ನೀಲಗಿರಿ ಬೆಳೆಸಲಾಯಿತು. ಕಾರ್ಖಾನೆ 2015ರಲ್ಲಿ ನಿಂತಿತು. ಗುತ್ತಿಗೆ 2020ರಲ್ಲಿ ಮುಗಿದಾಗ ಸುಮಾರು 20 ಸಾವಿರ ಹೆಕ್ಟೇರ್ ಕಾಡು ಊರವರಿಗೆ ಮರಳಬಹುದೆಂಬ ಆಸೆ ಹುಟ್ಟಿತ್ತು. ಸರ್ಕಾರ ಇನ್ನೂ ನಲವತ್ತು ವರ್ಷಕ್ಕೆ ವಿಸ್ತರಿಸಲು ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಮಲೆನಾಡಿನ ಜನ ಬೀದಿಗಿಳಿದರು. ದನಕ್ಕೆ ಮೇವಿಲ್ಲದ, ಹಕ್ಕಿಗೆ ಹಣ್ಣಿಲ್ಲದ ಆ ತೋಪುಗಳು ಕಡತದಲ್ಲಿ ಅರಣ್ಯವೇ. ಅದೇ ಗುಡ್ಡದ ಬುಡದಲ್ಲಿ ಮುಳುಗಡೆಯಿಂದ ಬಂದವರ ಎರಡೆಕರೆ ಒತ್ತುವರಿ. ಕಾಗದದ ತಿರುಳಿಗೆ ಸಾವಿರಾರು ಹೆಕ್ಟೇರ್ ಕೊಡುವಾಗ ಇಲ್ಲದ ಅಡ್ಡಿ ಈ ಎರಡೆಕರೆಗೆ ಎದುರಾಗುತ್ತದೆ ಎಂಬುದನ್ನು ನ್ಯಾಯವೆಂದು ಯಾರೂ ವಾದಿಸಲಾರರು.

ಸಂರಕ್ಷಣೆಯ ಬಗ್ಗೆ ಇಲ್ಲಿನ ಜನರಿಗೆ ಇರುವ ಸಿಟ್ಟಿನ ಮೂಲವೂ ಇಲ್ಲೇ ಇದೆ. ಪಶ್ಚಿಮ ಘಟ್ಟಗಳ ಬಗ್ಗೆ ಬಂದ 2011ರ ಗಾಡ್ಗೀಳ್ ವರದಿ ನಿರ್ಧಾರಗಳನ್ನು ಗ್ರಾಮಸಭೆಯ ಮಟ್ಟದಿಂದ ತೆಗೆದುಕೊಳ್ಳಬೇಕೆಂದಿತ್ತು. 2013ರ ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆನ್ನುವ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಬಾರಿ ಬಂತು, ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ಸಿಂಗಳೀಕದ ಹೆಸರಿನಲ್ಲಿ 930 ಚದರ ಕಿಲೋಮೀಟರಿಗೆ ವಿಸ್ತರಿಸಿದಾಗಲೂ ಊರುಗಳು ಬೆದರಿದವು. ಕರಡಿನಲ್ಲಿ ಏನಿದೆ ಎಂದು ಓದಿದವರು ಕಡಿಮೆ. ಓದುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಪಹಣಿಯಿಲ್ಲದ ಮನೆಗೆ ಯಾವ ನಕ್ಷೆ ಬಂದರೂ ಅದು ಒಕ್ಕಲೆಬ್ಬಿಸುವ ನಕ್ಷೆಯಾಗಿಯೇ ಕಾಣುತ್ತದೆ. ಆ ಭಯವನ್ನು ಗಣಿ, ರೆಸಾರ್ಟು, ಮರದ ದಂಧೆಯವರು ಸುಲಭವಾಗಿ ಬಳಸಿಕೊಳ್ಳುತ್ತಾರೆ. ಮನೆಯಡಿಯ ನೆಲ ಖಾತ್ರಿಯಾದ ಜನರ ಜೊತೆ ಕೂತು ಕಾನನ್ನು ಹೇಗೆ ಉಳಿಸೋಣ ಎಂದು ಮಾತಾಡಬಹುದು. ಖಾತ್ರಿಯಿಲ್ಲದವರ ಜೊತೆ ಆ ಮಾತು ಮೊದಲಾಗುವುದೇ ಇಲ್ಲ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಹುಡುಗರೆಲ್ಲ ಊರು ಬಿಡುತ್ತಿದ್ದಾರೆ, ನೆರೆಯ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯೇ 2001ರಿಂದ 2011ಕ್ಕೆ ಇಳಿದಿತ್ತು, ಇಂಥ ಹೊತ್ತಿನಲ್ಲಿ ಎರಡೆಕರೆಯ ಹಕ್ಕುಪತ್ರ ಕೊಟ್ಟು ಆಗುವುದೇನು, ನಾಳೆ ಅದನ್ನು ಹೋಂಸ್ಟೇಯವರಿಗೆ ಮಾರಿ ಹೋಗುತ್ತಾರೆ ಎನ್ನುತ್ತಾರೆ. ಮೊದಲನೆಯದಾಗಿ, ಊರು ಬಿಡುವುದರಲ್ಲೂ ಎರಡು ಬಗೆ. ಹಕ್ಕಿರುವ ಮನೆಯ ಮಗ ಓದಿ ಕೆಲಸಕ್ಕೆ ಹೋಗುತ್ತಾನೆ, ಬೇಡವೆನಿಸಿದರೆ ವಾಪಸು ಬರಲು ತೋಟವಿದೆ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮನೆಗಳು ಹೀಗೆ ತುಂಬಿದ್ದವು. ಹಕ್ಕಿಲ್ಲದ ಮನೆಯ ಮಗ ಹೋಟೆಲಿಗೋ ಗಾರೆ ಕೆಲಸಕ್ಕೋ ಹೋಗುತ್ತಾನೆ, ಅವನಿಗೆ ಹಿಂದಿರುಗುವ ನೆಲವಿಲ್ಲ. ಎರಡನೆಯದಾಗಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಡುವ ಹಕ್ಕನ್ನು ಮಾರಲು ಬರುವುದಿಲ್ಲ. ವಾರಸುದಾರರಿಗೆ ಹೋಗುತ್ತದೆಯೇ ಹೊರತು ಪರಭಾರೆ ಆಗುವುದಿಲ್ಲ, ನಾಲ್ಕು ಹೆಕ್ಟೇರಿನ ಮಿತಿಯಿದೆ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ನೋಂದಾಯಿಸಬೇಕು. 1974ರ ಹಕ್ಕುಗಳು ಹೆಚ್ಚಾಗಿ ಗಂಡಸರ ಹೆಸರಿಗೇ ಬಂದಿದ್ದವು. ಗದ್ದೆ ಪೂಜಿಸಿದ ಹೆಂಗಸಿನ ಹೆಸರು ದಾಖಲೆಗೆ ಬರುವ ಅವಕಾಶ ಈ ಕಾಯ್ದೆಯಲ್ಲಿದೆ. ಕೃಷಿ ಜಮೀನು ಕೊಳ್ಳಲು ಇದ್ದ ನಿರ್ಬಂಧಗಳನ್ನು ರಾಜ್ಯ 2020ರಲ್ಲಿ ತೆಗೆದುಹಾಕಿದ ಮೇಲೆ ಹೊರಗಿನ ಹಣಕ್ಕೆ ತೆರೆದುಕೊಂಡಿರುವುದು ಪಹಣಿಯಿರುವ ಜಮೀನು. ಮಾರಾಟದ ಭಯ ಇರುವವರು ಮೊದಲು ಅದರ ಬಗ್ಗೆ ದನಿ ಎತ್ತಲಿ.

ಕಾನೂನೇ ಬಿಡುವುದಿಲ್ಲವಲ್ಲ ಎಂಬುದು ಕೊನೆಯ ಆಕ್ಷೇಪ, ಕಚೇರಿಗಳಲ್ಲಿ ದಿನವೂ ಕೇಳುವಂಥದ್ದು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಹಸಲರು ಮೊದಲ ಗುಂಪಿಗೆ ಸೇರುತ್ತಾರೆ. ದೀವರು, ಕುಣಬಿಗಳು, ದಲಿತರು, ಮುಳುಗಡೆಯಿಂದ ಬಂದ ಎಲ್ಲ ಜಾತಿಯವರು ಎರಡನೆಯದಕ್ಕೆ. ಇವರ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದದ್ದು ದಾಖಲೆಯಿಲ್ಲ ಎಂಬ ಒಂದೇ ಸಾಲಿನಿಂದ. ಆದರೆ ಕಾಯ್ದೆ ಕೇಳುವುದು ಕುಟುಂಬವು ಅರಣ್ಯ ಭೂಮಿಯಲ್ಲಿ ಬದುಕಿದ್ದನ್ನು. ಅದೇ ಸರ್ವೆ ನಂಬರಿನಲ್ಲಿ 75 ವರ್ಷ ಉತ್ತದ್ದನ್ನಲ್ಲ. ನಿರ್ದಿಷ್ಟ ದಾಖಲೆಯನ್ನೇ ತರಬೇಕೆಂದು ಸಮಿತಿಗಳು ಪಟ್ಟು ಹಿಡಿಯಬಾರದೆಂದು 2012ರ ತಿದ್ದುಪಡಿ ನಿಯಮ ಹೇಳುತ್ತದೆ. ಊರಿನ ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಬನ ಎಲ್ಲವೂ ಪುರಾವೆಯೇ. ಸರ್ಕಾರ ಅರಣ್ಯ ಭೂಮಿಯಲ್ಲಿ ಕೊಟ್ಟ ಪಟ್ಟಾ, ಮಂಜೂರಾತಿಗಳನ್ನು ಹಕ್ಕಾಗಿ ಪರಿವರ್ತಿಸುವ ಅವಕಾಶ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ಈ ದಾರಿಯಲ್ಲಿ ಹೋದರೆ 1980ರ ಕಾಯ್ದೆಯ ಗೋಡೆ ಅಡ್ಡ ಬರುವುದಿಲ್ಲ, ಅರಣ್ಯವನ್ನು ಡಿನೋಟಿಫೈ ಮಾಡಬೇಕಾಗಿಯೂ ಇಲ್ಲ. 2019ರ ಫೆಬ್ರುವರಿಯಲ್ಲಿ ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಲು ಆದೇಶಿಸಿದ್ದ ಸುಪ್ರೀಂ ಕೋರ್ಟ್ ಅದೇ ತಿಂಗಳು ಅದಕ್ಕೆ ತಡೆ ಕೊಟ್ಟು, ತಿರಸ್ಕಾರಗಳು ಸರಿಯಾದ ಕ್ರಮದಲ್ಲಿ ನಡೆದವೇ ಎಂದು ರಾಜ್ಯಗಳನ್ನು ಕೇಳಿತು. ಆ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಇದೇ ಕಾಯ್ದೆ ಸಮುದಾಯಕ್ಕೆ ಕಾಡು ನೋಡಿಕೊಳ್ಳುವ ಹಕ್ಕನ್ನೂ ಕೊಡುತ್ತದೆ. ಮಹಾರಾಷ್ಟ್ರದ ಗಡ್ಚಿರೋಲಿಯ ಮೆಂಢಾ ಲೇಖಾ ಆ ಹಕ್ಕು ಪಡೆದು ಬಿದಿರು ಮಾರಿ ಕಾಡನ್ನೂ ಉಳಿಸಿಕೊಂಡಿದೆ. ನಮ್ಮದೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಪಡೆದರು. ಅಕೇಶಿಯಾ ತೋಪನ್ನು ಮತ್ತೆ ಕಾನಾಗಿಸುವ, ಉಪ್ಪಾಗೆ, ಮುರುಗಲು, ಅಪ್ಪೆಮಿಡಿ ಮರಗಳನ್ನು ಕಾಯುವ ಕೆಲಸವನ್ನು ಊರಿಗೇ ವಹಿಸಲು ಬೇರೆ ಕಾನೂನು ಬೇಕಿಲ್ಲ.

ಎಲ್ಲರಿಗೂ ಹಕ್ಕು ಕೊಡಿ ಎಂಬುದು ನನ್ನ ಬೇಡಿಕೆಯಲ್ಲ. ಆಗಲೇ ಹತ್ತೆಕರೆ ಪಹಣಿ ಇರುವವನು ಕಾನಿಗೆ ನುಗ್ಗಿಸಿದ ಬೇಲಿ ತೆರವಾಗಲಿ, ಅದಕ್ಕೆ ಕರುಣೆ ಬೇಡ. ಆದರೆ ಅವನನ್ನೂ ಮುಳುಗಡೆಯಿಂದ ಬಂದ ಮೊಮ್ಮಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು ಒತ್ತುವರಿಯ ಒಟ್ಟು ಎಕರೆ ಎಂದು ಲೆಕ್ಕ ಕೊಡುವುದು ನಿಲ್ಲಬೇಕು. ಇಚ್ಛೆಯಿದ್ದಾಗ ನಮ್ಮ ಆಡಳಿತ ಬೇಗ ಕೆಲಸ ಮಾಡಬಲ್ಲದು. ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸಿಗಂದೂರು ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಗಿ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅರವತ್ತು ವರ್ಷ ಲಾಂಚಿಗೆ ಕಾದ ತುಮರಿ ಸೀಮೆಯ ಜನ ಈಗ ಹಿನ್ನೀರು ದಾಟಿ ಆಸ್ಪತ್ರೆಗೆ ಹೋಗಬಲ್ಲರು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕದ ಅಭಯಾರಣ್ಯದೊಳಗೇ ಅರಣ್ಯ ಕೇಳುವ ಕಡತ ಜನರ ವಿರೋಧದ ನಡುವೆಯೂ ಚುರುಕಾಗಿ ಓಡಿದೆ. ವಿದ್ಯುತ್ತಿಗಾಗಿ ದೆಹಲಿಯ ಒಪ್ಪಿಗೆ ಕೇಳಬಲ್ಲ ಸರ್ಕಾರ, ಅದೇ ವಿದ್ಯುತ್ತಿಗಾಗಿ ಊರು ಕಳೆದುಕೊಂಡವರ ಪರವಾಗಿಯೂ ಕೇಳಬೇಕು. ಹೊಸ ಯೋಜನೆಗೆ ಒಂದು ಮರ ಕಡಿಯುವ ಮೊದಲು ಹಳೆಯ ಮುಳುಗಡೆಯ ಕೊನೆಯ ಕುಟುಂಬದ ಹಕ್ಕು ತೀರ್ಮಾನವಾಗಲಿ. ತಿರಸ್ಕರಿಸಿದ ಅರ್ಜಿಗಳನ್ನು ಗ್ರಾಮಸಭೆಗೆ ವಾಪಸು ಕಳಿಸಿ, ಹಿರಿಯರ ಹೇಳಿಕೆಯನ್ನು ಈಗಲೇ ಬರೆದುಕೊಳ್ಳಿ. ಮುಳುಗುವ ಮುಂಚಿನ ಊರನ್ನು ಕಣ್ಣಾರೆ ಕಂಡು ನೆನಪಿಟ್ಟವರಿಗೆ ಈಗ ಎಪ್ಪತ್ತು ದಾಟಿದೆ. ಸಾಕ್ಷಿ ಹೇಳಬಲ್ಲವರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ.